ಬೆರಳ ತುದಿಯ ಫುಟ್ಬಾಲ್ ಮತ್ತು ನಮ್ಮ ಮಕ್ಕಳು



ಕಳೆದ ಮಳೆಗಾಲದ ಒಂದು ಶುಕ್ರವಾರ. ಭಾರೀ ಮಳೆಯ ಕಾರಣ ಜಿಲ್ಲಾಧಿಕಾರಿಗಳು ಶಾಲೆ ಕಾಲೇಜುಗಳಿಗೆ ರಜೆ ಸಾರಿದ್ದರು. ಪುತ್ತೂರಿನ ಸಮೀಪದ ನಮ್ಮ ಮಸೀದಿಯಲ್ಲಿ ಜುಮಾ ಮುಗಿದ ಬಳಿಕ ಹತ್ತು ನಿಮಿಷ ಉಪದೇಶ ಮಾಡುವ ಹೊಣೆ ಅಂದು ನನ್ನ ಪಾಲಿಗೆ ಬಂದಿತ್ತು. ಖುತುಬಾಕ್ಕೆ ಮುಂಚೆ ಐದಾರು ಹುಡುಗರು ಹೊರ ಜಗಲಿಯಲ್ಲಿ ಒಂದೇ ಮೊಬೈಲಿನ ಮೇಲೆ ತಲೆಗೆ ತಲೆ ಕೊಟ್ಟು ಕುಳಿತದ್ದನ್ನು ನಾನು ಕಂಡಿದ್ದೆ. ಹಾಗಾಗಿ ವಿಷಯ ಹುಡುಕಬೇಕಾಗಿ ಬರಲಿಲ್ಲ. ಮೊಬೈಲ್ ಆಟಗಳು ಶೈತಾನನ ಬಲೆ, ಅವೆಲ್ಲವೂ ಹರಾಂ, ಅವನ್ನು ಆಡುವ ಮಕ್ಕಳಿಂದ ಸಮುದಾಯಕ್ಕೆ ಏನೂ ಆಗಲಿಕ್ಕಿಲ್ಲ ಎಂದು ಸ್ವರ ಏರಿಸಿ ಹೇಳಿದೆ. ಹಿರಿಯರು ತಲೆದೂಗಿದರು. ಒಬ್ಬರು ಕೈಕುಲುಕಿ, ಇಂದು ಹೇಳಬೇಕಾದದ್ದನ್ನೇ ಹೇಳಿದಿರಿ ಎಂದರು.

ಮೆಟ್ಟಿಲು ಇಳಿಯುವಾಗ ಆ ಹುಡುಗರಲ್ಲೊಬ್ಬ ಕೊಡೆ ಹಿಡಿದು ನಿಂತಿದ್ದ. ನಮ್ಮ ಮದ್ರಸದಲ್ಲೇ ಕಲಿತವನು, ಈಗ ಎರಡನೇ ಪಿಯುಸಿ.

“ಉಸ್ತಾದರೇ, ಸಿಟ್ಟು ಮಾಡಬೇಡಿ. ನಾವು ಆಡುತ್ತಿದ್ದದ್ದು ಫುಟ್ಬಾಲ್. ನೀವು ಆ ಆಟವನ್ನು ಒಮ್ಮೆಯಾದರೂ ನೋಡಿದ್ದೀರಾ?”

ಸಿಟ್ಟು ಬಂದದ್ದು ನಿಜ. ನೋಡಬೇಕಾದ ಅಗತ್ಯವಿಲ್ಲ ಎಂದು ಬಿರುಸಾಗಿ ಹೇಳಿ ಮುಂದೆ ನಡೆದೆ. ಕೋಣೆಗೆ ಬಂದು ಟೊಪ್ಪಿ ತೆಗೆದಿಟ್ಟು ಕುಳಿತಾಗ ಮಾತ್ರ ಎದೆಯೊಳಗೆ ಏನೋ ಚುಚ್ಚತೊಡಗಿತು. ಒಂದು ವಿಷಯದ ಪೂರ್ಣ ರೂಪ ಮನಸ್ಸಿಗೆ ಬಾರದೆ ಅದರ ವಿಧಿ ಹೇಳಬಾರದೆಂದು ದರ್ಸ್‌ನಲ್ಲಿ ನಮ್ಮ ಗುರುಗಳು ಎಷ್ಟು ಸಲ ಹೇಳಿರಲಿಲ್ಲ! ಅಲ್ಲಾಹನ ಮನೆಯಲ್ಲಿ ನಿಂತು, ಕಾಣದ ವಸ್ತುವಿನ ಮೇಲೆ ಹರಾಂ ಎಂಬ ಮುದ್ರೆ ಒತ್ತಿ ಬಂದಿದ್ದೆ. ಅಸರ್ ನಮಾಝಿನ ಬಳಿಕ ಆ ಹುಡುಗನನ್ನು ಕರೆಸಿದೆ. “ತೋರಿಸು” ಎಂದೆ.

ಓದುಗರಲ್ಲಿ ನನ್ನ ಹಾಗೆಯೇ ಈ ಆಟವನ್ನು ಕಾಣದವರು ಇರಬಹುದು. ಇದು ಚೆಂಡನ್ನು ಅತ್ತಿತ್ತ ಒದೆಯುವ ಬರೀ ಬೆರಳಾಟವಲ್ಲ. ಮೊದಲು ತಂಡವನ್ನು ನಿಲ್ಲಿಸಬೇಕು. ಹಿಂದೆ ನಾಲ್ವರು, ನಡುವೆ ಮೂವರು, ಮುಂದೆ ಮೂವರೋ ಅಥವಾ ಹಿಂದೆ ಐವರನ್ನು ಇಟ್ಟು ಗೋಲು ಕಾಯುವುದೋ ಎಂದು ತೀರ್ಮಾನಿಸಬೇಕು. ಚೆಂಡನ್ನು ನಮ್ಮಲ್ಲೇ ಇಟ್ಟುಕೊಂಡು ಸಣ್ಣ ಪಾಸುಗಳಲ್ಲಿ ಮೆಲ್ಲನೆ ಮುಂದೊತ್ತುವುದೋ, ಎದುರಾಳಿ ಮೇಲೆ ಬರಲೆಂದು ಬಿಟ್ಟು ಚೆಂಡು ಸಿಕ್ಕಿದೊಡನೆ ಓಡುವ ಕೌಂಟರ್ ಆಟವೋ, ಬದಿಯಿಂದ ನುಗ್ಗುವುದೋ ಎಂದು ಆರಿಸಬೇಕು. ಆಟ ನಡೆಯುತ್ತಿರುವಾಗಲೇ ದಣಿದವನನ್ನು ಹೊರಗೆ ಕರೆದು ಬೇರೊಬ್ಬನನ್ನು ಇಳಿಸಬೇಕು. ಕೆಲವು ಆಟಗಳಲ್ಲಂತೂ ಚೆಂಡನ್ನು ನೀವು ಮುಟ್ಟುವುದೇ ಇಲ್ಲ. ಯೋಜನೆ ಮಾತ್ರ ನಿಮ್ಮದು. ಆರಿಸಿ ಕೊಟ್ಟ ಮೇಲೆ ಕೈಕಟ್ಟಿ ನೋಡುವುದಷ್ಟೇ ಕೆಲಸ. ಈ ಬಗೆಯದಕ್ಕೆ ಒಳ್ಳೆಯ ವಯಸ್ಸಾಗಿದೆ. ಕೆವಿನ್ ಟಾಮ್ಸ್ ಎಂಬ ಆಂಗ್ಲರು ‘ಫುಟ್ಬಾಲ್ ಮ್ಯಾನೇಜರ್’ ಎಂಬ ಆಟವನ್ನು ಹೊರತಂದದ್ದು 1982ರಲ್ಲಿ. ‘ಫಿಫಾ’ ಹೆಸರಿನ ಕಂಪ್ಯೂಟರ್ ಆಟ 1993ರಲ್ಲಿ ಬಂತು. ಅಂದು ದೊಡ್ಡ ಮೇಜು ಬೇಡುತ್ತಿದ್ದ ಆಟ ಇಂದು ಲುಂಗಿಯ ಮಡಿಲಲ್ಲಿ ಕುಳಿತುಕೊಳ್ಳುತ್ತದೆ.

ಆ ಹುಡುಗ ಅರ್ಧ ಆಟ ಮುಗಿದಾಗ ಎರಡು ಗೋಲು ಹಿಂದಿದ್ದ. ನಿಲ್ಲಿಸಿ ಯೋಚಿಸಿದ. “ಅವನ ಎಡಬದಿಯ ಡಿಫೆಂಡರ್ ಪ್ರತಿ ಸಲ ಮೇಲೆ ಬರುತ್ತಾನೆ ಉಸ್ತಾದರೇ, ಹಿಂದೆ ಜಾಗ ಖಾಲಿ ಉಂಟು” ಎಂದು ಓಟದ ಹುಡುಗನೊಬ್ಬನನ್ನು ಆ ಬದಿಗೆ ಇಳಿಸಿದ. ಎರಡು ಗೋಲು ಅದೇ ದಾರಿಯಲ್ಲಿ ಬಂತು. ಆಟ ಸಮ ಸಮ. ಕೂಡಿಸುವ ಲೆಕ್ಕದಲ್ಲೂ ತಪ್ಪುತ್ತಿದ್ದ ಹುಡುಗ ಇವನೇ ಏನು ಎನಿಸಿತು. ಬುದ್ಧಿ ಅಲ್ಲಾಹನ ಕೊಡುಗೆ. ಅದು ಅಲ್ಲಿ ಕೆಲಸ ಮಾಡುತ್ತಿದ್ದುದನ್ನು ಕಣ್ಣಾರೆ ಕಂಡ ಮೇಲೆ ಇಲ್ಲವೆಂದು ಹೇಳಲು ನನಗೆ ಹಕ್ಕಿಲ್ಲ.

ಅಂದು ರಾತ್ರಿ ಫತ್‌ಹುಲ್ ಮುಈನ್ ತೆರೆದೆ. 16ನೇ ಶತಮಾನದಲ್ಲಿ ಪೊನ್ನಾನಿಯ ಝೈನುದ್ದೀನ್ ಮಖ್ದೂಮ್(ರ) ಬರೆದ ಈ ಕರ್ಮಶಾಸ್ತ್ರ ಗ್ರಂಥ ನಮ್ಮ ದರ್ಸ್‌ಗಳಲ್ಲಿ ಓದದವರಿಲ್ಲ. ಮೊಬೈಲ್ ಅದರಲ್ಲಿ ಎಲ್ಲಿಂದ ಬರಬೇಕು? ಆದರೆ ಚದುರಂಗವಿದೆ. ಯಾರ ಸಾಕ್ಷ್ಯವನ್ನು ಸ್ವೀಕರಿಸಬಹುದು ಎಂಬ ಅಧ್ಯಾಯದಲ್ಲಿ ಮಖ್ದೂಮರು ಆ ವಿಷಯಕ್ಕೆ ಬರುತ್ತಾರೆ. ಪಗಡೆಯ ದಾಳ ಉರುಳಿಸುವ ಆಟ ಹರಾಂ. ಚದುರಂಗ ಹಾಗಲ್ಲ, ಅದು ಕರಾಹತ್, ಅಂದರೆ ಬಿಟ್ಟರೆ ಒಳ್ಳೆಯದು. ಆದರೆ ಇಬ್ಬರಲ್ಲಿ ಒಬ್ಬನ ಕಡೆಯಿಂದಲಾದರೂ ಹಣದ ಪಣವಿದ್ದರೆ ಅದೂ ಹರಾಂ. ಆಟದಲ್ಲಿ ಮುಳುಗಿ ನಮಾಝ್ ತಪ್ಪಿದರೆ, ಆ ತಪ್ಪುವಿಕೆ ಮರೆವಿನಿಂದಲೇ ಆಗಿದ್ದರೂ, ಆಗಲೂ ಹರಾಂ. ಇನ್ನೊಂದು ಮಾತನ್ನೂ ಸೇರಿಸುತ್ತಾರೆ. ಅದನ್ನೇ ಹಗಲಿರುಳು ಆಡುತ್ತಿರುವವನ ಘನತೆ ಕುಸಿಯುತ್ತದೆ, ಅವನ ಸಾಕ್ಷ್ಯ ತಳ್ಳಲ್ಪಡುತ್ತದೆ. ಮಖ್ದೂಮರ ಗುರುಗಳಾದ ಇಬ್ನ್ ಹಜರ್ ಹೈತಮಿ(ರ)ಯವರ ತುಹ್ಫದಲ್ಲಿ ಇದರ ಬೇರು ಸಿಗುತ್ತದೆ. ಲೆಕ್ಕ ಮತ್ತು ಆಲೋಚನೆಯ ಮೇಲೆ ನಿಂತ ಆಟ ಒಂದು ಬಗೆ, ಊಹೆ ಮತ್ತು ಅದೃಷ್ಟದ ಮೇಲೆ ನಿಂತದ್ದು ಇನ್ನೊಂದು ಬಗೆ.

ನಾನು ಮುಫ್ತಿಯಲ್ಲ, ಇದು ಫತ್ವಾವೂ ಅಲ್ಲ. ಇತರ ಮದ್‌ಹಬ್‌ಗಳ ಅಭಿಪ್ರಾಯ ಚದುರಂಗದಲ್ಲಿ ಶಾಫಿಈಗಳಿಗಿಂತ ಬಿಗಿಯಾಗಿದೆ ಎಂಬುದನ್ನೂ ಮರೆಮಾಚುವುದಿಲ್ಲ. ಆದರೆ ಹುಡುಗ ತಂಡ ನಿಲ್ಲಿಸಿ, ಎದುರಾಳಿಯ ದೌರ್ಬಲ್ಯ ಹುಡುಕಿ, ನಡೆ ಆರಿಸುವುದು ಪಗಡೆಗಿಂತ ಚದುರಂಗಕ್ಕೆ ಹತ್ತಿರವೆಂದು ನನಗೆ ತೋಚಿತು. ಮುಂದಿನ ಶುಕ್ರವಾರ ಅದೇ ಸ್ಥಳದಲ್ಲಿ ನಿಂತು, ಕಳೆದ ವಾರ ನಾನು ಹೇಳಿದ್ದು ಅತಿಯಾಯಿತು ಎಂದೆ. ಕೈಕುಲುಕಿದ್ದ ಹಿರಿಯರು ಈ ಸಲ ಮುಖ ತಿರುಗಿಸಿ ಹೋದರು. ಇನ್ನೊಬ್ಬರು ಬಂದು, ಆಟದೊಳಗಿನ ಗೊಂಬೆಗಳ ಚಡ್ಡಿ ಮೊಣಕಾಲಿಗಿಂತ ಮೇಲಿದೆಯಲ್ಲ, ಅದಕ್ಕೇನು ಹೇಳುತ್ತೀರಿ ಎಂದು ವಾದಕ್ಕೆ ನಿಂತರು. ಅದನ್ನು ಇನ್ನೊಂದು ದಿನಕ್ಕೆ ಇಡೋಣ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ತಂಗಿಯನ್ನು ಕೊಟ್ಟದ್ದು ಸುಳ್ಯಕ್ಕೆ. ಭಾವ ದಮ್ಮಾಮಿನಲ್ಲಿ. ಆ ತಿಂಗಳ ಕೊನೆಗೆ ಕುಂಬ್ರ, ಕಾವು, ಜಾಲ್ಸೂರು ದಾರಿಯಾಗಿ ಬಸ್ಸಿನಲ್ಲಿ ಹೋಗಿ ಎರಡು ದಿನ ಅವಳ ಮನೆಯಲ್ಲಿ ಉಳಿದೆ. ಸೋದರಳಿಯ ಹತ್ತನೇ ತರಗತಿ. ಅವನ ಮೊಬೈಲಿನಲ್ಲೂ ಅದೇ ಬಗೆಯ ಫುಟ್ಬಾಲ್. ಪುತ್ತೂರಿನಲ್ಲಿ ಕಲಿತ ವಿದ್ಯೆ ಇದ್ದದ್ದರಿಂದ, ಕೊಡು ನೋಡುವಾ ಎಂದೆ. ಮಗ್ರಿಬ್ ಆಗಿತ್ತು. ಒಂದು ಆಟ ಸೋತೆ. ಯಾಕೆ ಸೋತೆನೆಂದು ಗೊತ್ತಾಯಿತು, ಹಿಂದಿನ ಸಾಲನ್ನು ತುಂಬಾ ಮೇಲೆ ನಿಲ್ಲಿಸಿದ್ದೆ. ಅದನ್ನು ಸರಿಪಡಿಸಿ ಇನ್ನೊಂದು ಆಡಿದೆ. ಹತ್ತು ನಿಮಿಷದೊಳಗೆ ಮುಗಿಯುವ ಆಟ ಎಂಬುದೇ ಅದರ ಬಲೆ. ಹತ್ತು ನಿಮಿಷ ಯಾರಿಗೆ ದೊಡ್ಡದು? ಇಶಾದ ಬಾಂಗ್ ಕೇಳಿತು. ಕೇಳಿಸಿತೆಂದು ಹೇಳಬೇಕೇ ಹೊರತು ಕೇಳಿಸಲಿಲ್ಲ ಎನ್ನಲಾರೆ. ಈ ಅರ್ಧ ಮುಗಿಯಲಿ ಎಂದೆ. ಮುಗಿಯಿತು. ಒಂದು ಗೋಲು ಮುಂದಿದ್ದೇನಲ್ಲ, ಪೂರ್ತಿಯಾಗಲಿ ಎಂದೆ. ತಲೆಯೆತ್ತಿದಾಗ ಜಮಾಅತ್ ಮುಗಿಸಿದವರು ಗೇಟಿನೆದುರು ಮಾತಾಡುತ್ತಾ ಮನೆಗೆ ಮರಳುತ್ತಿದ್ದರು. ಅವರಲ್ಲಿ ನನ್ನ ಅಳಿಯನೂ ಇದ್ದ. ನನಗೆ ಮೊಬೈಲ್ ಕೊಟ್ಟು, ಬಾಂಗ್ ಕೇಳಿದೊಡನೆ ಅವನು ಸದ್ದಿಲ್ಲದೆ ಎದ್ದು ಹೋಗಿದ್ದ.

ಅವನು ಒಳಗೆ ಬಂದು ನನ್ನನ್ನು ನೋಡಿದ. ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಒಬ್ಬಂಟಿಯಾಗಿ ಇಶಾ ನಿರ್ವಹಿಸಿದೆ. ನಮಾಝ್ ಸಮಯದೊಳಗೇ ಆಯಿತು, ತಪ್ಪಲಿಲ್ಲ ಎಂದು ಮನಸ್ಸು ವಕೀಲಿಗೆ ನಿಂತಿತು. ಆದರೆ ಮರೆವಿನಿಂದಲೇ ಆದರೂ ಎಂದು ಮಖ್ದೂಮರು ಏಕೆ ಅಷ್ಟು ಬಿಗಿಯಾಗಿ ಬರೆದರೆಂಬುದು ಮೂವತ್ತೈದು ದಾಟಿದ ಉಸ್ತಾದನಿಗೆ ಅಂದು ತಿಳಿಯಿತು. ಮರೆವು ತಾನಾಗಿ ಬರುವುದಿಲ್ಲ, ನಾವು ಅದಕ್ಕೆ ಮಣೆ ಹಾಕಿ ಕರೆಯುತ್ತೇವೆ. ಆರೋಗ್ಯ ಮತ್ತು ಬಿಡುವು ಎಂಬ ಎರಡು ಅನುಗ್ರಹಗಳಲ್ಲಿ ಹೆಚ್ಚಿನವರು ನಷ್ಟ ಹೊಂದುತ್ತಾರೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ ಹದೀಸನ್ನು ನಾನೇ ಎಷ್ಟು ಸಲ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೋ.

ಮರುದಿನ ಬೆಳಿಗ್ಗೆ ತಂಗಿ ಮೊಬೈಲ್ ಹಿಡಿದು ಬಂದಳು. ಬ್ಯಾಂಕಿನ ಸಂದೇಶಗಳು. 89 ರೂಪಾಯಿ, 89 ರೂಪಾಯಿ, 449 ರೂಪಾಯಿ, ಮತ್ತೆ 89. “ರೀಚಾರ್ಜ್ ಅಂತ ಹೇಳುತ್ತಾನೆ, ಇಷ್ಟು ರೀಚಾರ್ಜ್ ಉಂಟಾ?” ಎರಡೂವರೆ ತಿಂಗಳಲ್ಲಿ ಒಟ್ಟು 4,360 ರೂಪಾಯಿ. ಭಾವನ ಬೆವರಿನ ಹಣ.

ಅಳಿಯನನ್ನು ಕರೆದು ಪಕ್ಕದಲ್ಲಿ ಕುಳ್ಳಿರಿಸಿಕೊಂಡೆ. ಹಿಂದಿನ ರಾತ್ರಿಯ ನೆನಪಿದ್ದುದರಿಂದ ಬೈಯುವ ಸ್ವರವೇ ಏಳಲಿಲ್ಲ. ಅದರಿಂದಲೇ ಇರಬೇಕು, ಅವನು ಎಲ್ಲವನ್ನೂ ಹೇಳಿದ. ಆಟ ಉಚಿತ. ಆದರೆ ಒಳ್ಳೆಯ ಆಟಗಾರರು ಬೇಕಾದರೆ ಪೆಟ್ಟಿಗೆ ತೆರೆಯಬೇಕು. ಪೆಟ್ಟಿಗೆ ತೆರೆಯಲು ನಾಣ್ಯ ಬೇಕು, ನಾಣ್ಯಕ್ಕೆ ಹಣ ಬೇಕು. ಪೆಟ್ಟಿಗೆಯಲ್ಲಿ ನೂರೈವತ್ತು ಹೆಸರು, ಅವನಿಗೆ ಬೇಕಾದದ್ದು ಅದರಲ್ಲಿ ಮೂರು. ಹಣ ಕಟ್ಟಿದರೆ ಯಾರು ಬರುತ್ತಾನೆಂದು ತೆರೆಯುವವರೆಗೆ ಗೊತ್ತಿಲ್ಲ. ಬಂದ ಆಟಗಾರನನ್ನು ಮಾರಲಿಕ್ಕಿಲ್ಲ, ಹಿಂದಕ್ಕೆ ಕೊಡಲಿಕ್ಕಿಲ್ಲ. “ಪ್ರತಿ ಸಲವೂ, ಈಗ ಬರುತ್ತಾನೆ ಅಂತ ಆಗುತ್ತದೆ ಮಾಮ” ಎಂದ.

ಓದುಗರೇ, ಒಂದೇ ಮೊಬೈಲಿನಲ್ಲಿ, ಒಂದೇ ಆಟದೊಳಗೆ, ಚದುರಂಗವೂ ಪಗಡೆಯೂ ಒಟ್ಟಿಗೆ ಕುಳಿತಿವೆ. ನಡೆ ಆರಿಸುವಾಗ ಹುಡುಗ ಯೋಚಿಸುತ್ತಾನೆ, ಪೆಟ್ಟಿಗೆ ತೆರೆಯುವಾಗ ದಾಳ ಉರುಳಿಸುತ್ತಾನೆ. ಪುತ್ತೂರಿನ ಜಗಲಿಯಲ್ಲಿ ನಾನು ಮೊದಲನೆಯದನ್ನು ಕಾಣದೆ ಬೈದೆ. ಕಂಡ ಮೇಲೆ ಎರಡನೆಯದನ್ನು ಕಾಣದೆ ಹೊಗಳಿದೆ. ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗವು 2018ರಲ್ಲಿ ಇಂತಹ ಪೆಟ್ಟಿಗೆಗಳನ್ನು ಪರಿಶೀಲಿಸಿ, ‘ಫಿಫಾ 18’ ಸೇರಿದಂತೆ ಮೂರು ಆಟಗಳಲ್ಲಿ ಅವು ಜೂಜೇ ಹೌದೆಂದು ಹೇಳಿತು. 2019ರ ಜನವರಿಯಲ್ಲಿ ಆ ದೇಶದಲ್ಲಿ ಫುಟ್ಬಾಲ್ ಆಟದ ಹಣದ ನಾಣ್ಯಗಳ ಮಾರಾಟವನ್ನು ಕಂಪನಿ ನಿಲ್ಲಿಸಿತು. ಕುರ್‌ಆನ್ ಓದದ ಅಧಿಕಾರಿಗಳಿಗೆ ಕಂಡ ವಿಷಯ ನಮಗೆ ಕಾಣದೆ ಹೋಗಬೇಕೇ?

ಪವಿತ್ರ ಕುರ್‌ಆನಿನ ಐದನೇ ಅಧ್ಯಾಯದ 90ನೇ ಸೂಕ್ತದಲ್ಲಿ ಮದ್ಯದ ಪಕ್ಕದಲ್ಲೇ ಜೂಜನ್ನು ಹೆಸರಿಸಿ ಅದರಿಂದ ದೂರವಿರಬೇಕೆಂದು ಅಲ್ಲಾಹು ಆಜ್ಞಾಪಿಸಿದ್ದಾನೆ. ಮರು ಸೂಕ್ತದಲ್ಲಿ ಕಾರಣವನ್ನೂ ತಿಳಿಸಿದ್ದಾನೆ. ಅದು ನಿಮ್ಮ ನಡುವೆ ವೈರ ಹುಟ್ಟಿಸುತ್ತದೆ, ಅಲ್ಲಾಹನ ಸ್ಮರಣೆಯಿಂದಲೂ ನಮಾಝಿನಿಂದಲೂ ತಡೆಯುತ್ತದೆ. ಸುಳ್ಯದ ಆ ಮನೆಯಲ್ಲಿ ಒಂದೇ ರಾತ್ರಿ ಹಗಲಿನೊಳಗೆ ನಮಾಝಿನ ಪಾಲು ನನ್ನಿಂದ, ಹಣದ ಪಾಲು ಅಳಿಯನಿಂದ ಆಗಿತ್ತು. ತಾಯಿ ಮಗನ ನಡುವೆ ಸುಳ್ಳು ಬಂದು ಕುಳಿತದ್ದು ಬೇರೆ.

ಇಲ್ಲಿ ಕಾಲೇಜು ಹುಡುಗರು ಹೇಳುವ ಒಂದು ವಾದವಿದೆ. ಹಣ ಕಟ್ಟಿ ಹನ್ನೊಂದು ಆಟಗಾರರನ್ನು ಆರಿಸಿ ಸ್ಪರ್ಧಿಸುವ ಆ್ಯಪ್‌ಗಳ ಕಾಲದಲ್ಲಿ ಅದನ್ನು ಬಹಳ ಕೇಳಿದೆ. ಇದು ಜಾಣ್ಮೆಯ ಆಟ, ನ್ಯಾಯಾಲಯಗಳೇ ಹಾಗೆ ಹೇಳಿವೆ, ಆದ್ದರಿಂದ ಜೂಜಲ್ಲ ಎಂಬುದು ಆ ವಾದ. ಕರ್ನಾಟಕವು 2021ರಲ್ಲಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ರದ್ದುಗೊಳಿಸಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹೊಸ ಕಾಯಿದೆ ಮಾಡಿ, ಜಾಣ್ಮೆಯೋ ಅದೃಷ್ಟವೋ ಎಂದು ನೋಡದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕಾನೂನು ನಾಳೆ ಅತ್ತ ವಾಲಬಹುದು, ಇತ್ತ ವಾಲಬಹುದು. ನಮ್ಮ ಕಿತಾಬಿನ ಉತ್ತರ ಅಂದಿನಿಂದಲೂ ಒಂದೇ. ಚದುರಂಗಕ್ಕಿಂತ ಜಾಣ್ಮೆಯ ಆಟ ಯಾವುದಿದೆ? ಪಣ ಬಂದೊಡನೆ ಅದೂ ಹರಾಂ. ಸೋತವನು ಎಲ್ಲರಿಗೂ ಗಡ್‌ಬಡ್ ಕೊಡಿಸಬೇಕು ಎಂದು ಪುತ್ತೂರು ಪೇಟೆಯಲ್ಲಿ ಹುಡುಗರು ತಮಾಷೆಗೆ ಒಪ್ಪಂದ ಮಾಡಿಕೊಳ್ಳುವುದುಂಟು. ಐಸ್‌ಕ್ರೀಮಿಗೆ ಹೆದರಬೇಕೇ ಎಂದು ನೀವು ನಗಬಹುದು. ಬಾ, ಜೂಜಾಡೋಣ ಎಂದು ಗೆಳೆಯನನ್ನು ಕರೆದವನು ಬರೀ ಕರೆದದ್ದಕ್ಕೇ ದಾನ ನೀಡಲಿ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದು ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಕೋಳಿ ಅಂಕದ ಮಗ್ಗುಲಲ್ಲಿ ಬೆಳೆದ ನಮ್ಮ ತುಳುನಾಡಿನವರಿಗೆ ಪಣ ಹೇಗೆ ಬೆಳೆಯುತ್ತದೆಂದು ವಿವರಿಸಬೇಕಾಗಿಲ್ಲ. ಬಿ.ಎ. ತರಗತಿಯಲ್ಲಿ ಕುಮಾರವ್ಯಾಸನ ಸಭಾಪರ್ವ ಓದುವಾಗ, ಧರ್ಮರಾಯನಂತಹ ತಿಳಿದವನು ಇನ್ನೊಂದು ಸಲ, ಇನ್ನೊಂದು ಸಲ ಎನ್ನುತ್ತಾ ತಮ್ಮಂದಿರನ್ನೂ ಮಡದಿಯನ್ನೂ ಒಡ್ಡಿದ್ದು ಹೇಗೆಂದು ನನಗೆ ಅರ್ಥವಾಗಿರಲಿಲ್ಲ. ಅಳಿಯನ 89 ರೂಪಾಯಿಗಳ ಸಾಲು ನೋಡಿ ಅರ್ಥವಾಯಿತು.

ಸುಳ್ಯದಿಂದ ಮರಳಿದ ವಾರ ಮದ್ರಸದಲ್ಲಿ ದೊಡ್ಡ ತರಗತಿಗೆ ಉಹುದ್ ಯುದ್ಧದ ಪಾಠವಿತ್ತು. ಸುಬ್‌ಹಿಯ ನಿದ್ದೆ ಇನ್ನೂ ಬಿಡದ ಮಕ್ಕಳು. ಏನು ತೋಚಿತೋ, ಕಪ್ಪು ಹಲಗೆಯ ಮೇಲೆ ಬೆಟ್ಟ ಬಿಡಿಸಿ, ಸೈನ್ಯ ನಿಂತ ಜಾಗಗಳಿಗೆ ಚುಕ್ಕೆ ಇಟ್ಟೆ. ಹಿಜರಿ ಮೂರನೇ ವರ್ಷ. ಅಬ್ದುಲ್ಲಾಹಿಬ್ನು ಜುಬೈರ್(ರ)ರ ನೇತೃತ್ವದಲ್ಲಿ ಐವತ್ತು ಮಂದಿ ಬಿಲ್ಲುಗಾರರನ್ನು ಪ್ರವಾದಿವರ್ಯರು(ಸ) ಗುಡ್ಡದ ಮೇಲೆ ನಿಲ್ಲಿಸಿದರು. ಗೆದ್ದರೂ ಸೋತರೂ, ನಾನು ಹೇಳಿಕಳುಹಿಸುವವರೆಗೆ ಅಲ್ಲಿಂದ ಕದಲಬೇಡಿ ಎಂದು ಆಜ್ಞಾಪಿಸಿದರು. ಗೆಲುವು ಕಂಡಿತು. ಕೆಳಗೆ ಯುದ್ಧದ ಸೊತ್ತು ಕಂಡಿತು. ಹೆಚ್ಚಿನವರು ಇಳಿದರು. ಅಂದು ಇನ್ನೂ ಇಸ್ಲಾಮ್ ಸ್ವೀಕರಿಸದಿದ್ದ ಖಾಲಿದ್ ಬಿನ್ ವಲೀದ್ ಖಾಲಿಯಾದ ಗುಡ್ಡವನ್ನು ನೋಡಿದರು.

“ಡಿಫೆನ್ಸ್ ಬಿಟ್ಟು ಎಲ್ಲರೂ ಮೇಲೆ ಹೋದರು. ಕೌಂಟರ್ ಬಂತು” ಎಂದಿತು ಹಿಂದಿನ ಬೆಂಚಿನ ಒಂದು ಸ್ವರ. ಇಡೀ ತರಗತಿ ಎಚ್ಚರವಾಯಿತು.

ಹೌದು, ಹಾಗೆಯೇ, ಎಂದೆ. ಆಮೇಲೆ ಸೀಮೆಸುಣ್ಣ ಕೆಳಗಿಟ್ಟು ಹೇಳಿದೆ. ಆಟದಲ್ಲಿ ಕೌಂಟರ್ ಬಂದರೆ ಒಂದು ಗೋಲು ಹೋಗುತ್ತದೆ, ಮತ್ತೊಂದು ಆಟ ತೆರೆಯಬಹುದು. ಅಂದು ಹೋದದ್ದು ಎಪ್ಪತ್ತು ಸಹಾಬಿಗಳು. ಪ್ರವಾದಿವರ್ಯರ(ಸ) ಚಿಕ್ಕಪ್ಪ ಹಂಝ(ರ) ಅವರಲ್ಲೊಬ್ಬರು. ಪ್ರವಾದಿವರ್ಯರ(ಸ) ಪವಿತ್ರ ಮುಖಕ್ಕೇ ಗಾಯವಾಯಿತು. ಆ ಸ್ವರದ ಹುಡುಗ ತಲೆ ತಗ್ಗಿಸಿದ. ಹಲವು ವರ್ಷ ಉಹುದ್ ಪಾಠ ಮಾಡಿದ್ದೇನೆ, ಮಕ್ಕಳ ಕಣ್ಣಿನಲ್ಲಿ ನೀರು ಕಂಡದ್ದು ಅದೇ ಮೊದಲು. ಆ ಆಟ ಅವರಿಗೆ ಸಾಲು, ಸ್ಥಾನ, ಕಾವಲು ಎಂದರೇನೆಂದು ಮೊದಲೇ ಕಲಿಸಿಟ್ಟಿತ್ತು. ನಾನು ಅದನ್ನು ಬಳಸಿಕೊಂಡೆ.

ತಾಯಂದಿರೇ, ತಂದೆಯಂದಿರೇ, ಮಕ್ಕಳ ಕೈಯಿಂದ ಮೊಬೈಲ್ ಕಿತ್ತು ಅಟ್ಟಕ್ಕೆ ಎಸೆಯುವ ಮುಂಚೆ ಒಂದು ಸಂಜೆ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಯಾವ ಆಟ, ಯಾರೊಡನೆ, ಪೆಟ್ಟಿಗೆ ಎಲ್ಲಿದೆ, ಹಣ ಎಲ್ಲಿಂದ ಹೋಗುತ್ತದೆ ಎಂದು ಕೇಳಿ. ನಿಮ್ಮ ಬ್ಯಾಂಕಿನ ಪಿನ್ ಮಕ್ಕಳಿಗೆ ಬಾಯಿಪಾಠವಾಗಿದ್ದರೆ ಅದನ್ನು ಇಂದೇ ಬದಲಿಸಿ. ದೂರದ ಗಲ್ಫ್‌ನಲ್ಲಿರುವ ಸಹೋದರರು ಮಗನಿಗೆ ಹೊಸ ಮೊಬೈಲ್ ಕಳಿಸುವಾಗ ಒಂದು ಚರ್ಮದ ಚೆಂಡನ್ನೂ ಸೇರಿಸಿ ಕಳಿಸಲಿ. ಅಬಿಸೀನಿಯದವರು ಮಸೀದಿಯಲ್ಲೇ ಈಟಿಯ ಆಟವಾಡಿದಾಗ ಪ್ರವಾದಿವರ್ಯರು(ಸ) ಆಯಿಶಾ(ರ)ರಿಗೆ ಅದನ್ನು ಮನದಣಿಯೆ ನೋಡಲು ಬಿಟ್ಟಿದ್ದರು, ಸ್ವತಃ ಆಯಿಶಾರೊಡನೆ(ರ) ಓಟದ ಪಂದ್ಯ ಆಡಿದ್ದರು. ನಮ್ಮ ಕೆಸರು ಗದ್ದೆಯಲ್ಲಿ ಸಂಜೆಯವರೆಗೆ ಬಿದ್ದೆದ್ದು ಆಡಿ ಬಂದ ಹುಡುಗನಿಗೆ ಇಶಾ ಆದೊಡನೆ ನಿದ್ದೆ ಬರುತ್ತದೆ, ಪೆಟ್ಟಿಗೆ ತೆರೆಯುವ ಹೊತ್ತು ಉಳಿಯುವುದಿಲ್ಲ. ಈಗ ಗಂಟೆಗೆ ಬಾಡಿಗೆಯ ಟರ್ಫ್ ಬಂದು ಗದ್ದೆ ಯಾರಿಗೂ ಬೇಡವಾಗಿದೆ, ಅದು ನನ್ನ ಇನ್ನೊಂದು ದೂರು.

ಅಳಿಯನ 4,360 ರೂಪಾಯಿಯನ್ನು ಉಮ್ಮನಿಗೆ ಅವನೇ ದುಡಿದು ತೀರಿಸಬೇಕೆಂದು ನಿರ್ಧಾರವಾಯಿತು. ನನ್ನ ಇಶಾದ ಜಮಾಅತ್‌ನ ಲೆಕ್ಕ ತೀರಿಸಲು ಬೇರೆ ದಾರಿಯಿಲ್ಲ, ತೌಬಾ ಮಾಡಿದೆ. ಬಡವರೊಬ್ಬರಿಗೆ ಒಂದಿಷ್ಟು ಕೊಟ್ಟೆ. ಕಡಬದ ಕಡೆ ನಮ್ಮ ತರವಾಡು ಮನೆಯಲ್ಲಿ ಒಣಗಿದ ಅಡಿಕೆ ಸುಲಿಯಲು ಬಾಕಿ ಇತ್ತು. ಪ್ರತಿ ರಜೆಗೆ ಅವನು ಅಲ್ಲಿಗೆ ಬಂದು ಕಿಲೋ ಲೆಕ್ಕದಲ್ಲಿ ಸುಲಿಯುತ್ತಾನೆ, ನನ್ನ ಉಪ್ಪ ತೂಗಿ ಕೂಲಿ ಕೊಡುತ್ತಾರೆ. ಮೊನ್ನೆಗೆ 1,510 ಬಾಕಿ ಉಳಿದಿತ್ತು. ಸಂಜೆ ಕೈಯ ಕಲೆ ತೊಳೆಯುತ್ತಾ ನನ್ನನ್ನು ನೋಡಿದ.

“ಮಾಮ, ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಗುಡ್ಡದ ಮೇಲೆ ಎರಡು ಕಡ್ಡಿ ಉಂಟು. ಒಂದು ಮ್ಯಾಚ್ ಆಡುವನಾ?”

ಗಡಿಯಾರ ನೋಡಿದೆ. ಮಗ್ರಿಬ್‌ಗೆ ಮುಕ್ಕಾಲು ಗಂಟೆಯಿತ್ತು. ಕೊಡೆ ತೆಗೆದುಕೊಂಡು ಹೊರಟೆವು. ಹಿಂದಿನ ಸಾಲನ್ನು ಈ ಸಲ ಸರಿಯಾಗಿಯೇ ನಿಲ್ಲಿಸಿದ್ದೆ, ಆದರೂ 3-1ರಲ್ಲಿ ಸೋತೆ. ಬಾಂಗ್ ಕೊಡುವಾಗ ನಾವಿಬ್ಬರೂ ಗುಡ್ಡ ಇಳಿದು ಮಸೀದಿಯ ಹೌಳ್‌ನ ಬಳಿ ವುಳೂ ಮಾಡುತ್ತಿದ್ದೆವು.